ಡಯಾಲಿಸಿಸ್‌ನಲ್ಲಿರುವ ಮಾವನಿಗೆ ಲಸಿಕೆ ಬೇಡ ಅಂತಾರೆ ಭಾವ. ಏನು ಮಾಡಲಿ?

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದಲ್ಲಿದ್ದೇವೆ. ಮಾವನಿಗೆ 71 ವರ್ಷ. ಶುಗರ್‌ನಿಂದ ಕಿಡ್ನಿ ಹೋಗಿ ಈಗ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗುತ್ತೆ. ಹೆಪಟೈಟಿಸ್ ಬಿ, ಫ್ಲೂ, ನ್ಯುಮೋನಿಯಾ ಮೂರಕ್ಕೂ ಲಸಿಕೆ ಹಾಕಿಸಿ ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ. ಪಾಂಡವಪುರದ ಹತ್ತಿರ ಊರಿನಲ್ಲಿ ಜಮೀನು ನೋಡಿಕೊಂಡಿರುವ ನಮ್ಮ ಭಾವ ಇದಕ್ಕೆ ಒಪ್ಪುತ್ತಿಲ್ಲ. 'ಹಾಸನದಲ್ಲಿ ಹುಡುಗರು ಹಾರ್ಟ್ ಅಟ್ಯಾಕ್ ಆಗಿ ಹೋಗಿದ್ದು ಕೊರೊನಾ ಸೂಜಿಯಿಂದಲೇ, ಅಪ್ಪನಿಗೆ ಇನ್ನೊಂದು ಸೂಜಿ ಹಾಕಿಸಿದರೆ ನಾನು ಸುಮ್ನಿರಲ್ಲ' ಅಂತಾರೆ. ಅವರೂ ಆಗ ಒಂದೇ ಡೋಸ್ ಹಾಕಿಸಿಕೊಂಡು ಬಿಟ್ಟವರು. ಅವರ ಇಬ್ಬರು ಮಕ್ಕಳು ಭಾನುವಾರ ತಾತನನ್ನು ನೋಡಲು ಬರುತ್ತಾರೆ, ನೆಗಡಿ ಕೆಮ್ಮು ಇದ್ದರೂ ಬರುತ್ತಾರೆ. ಕೊರೊನಾದಂಥದ್ದು ಮತ್ತೆ ಬಂದರೆ ಮಾವನನ್ನು ಉಳಿಸಿಕೊಳ್ಳೋದು ಹೇಗೆ? ಬರಬೇಡಿ ಅಂತ ಹೇಳಬಹುದಾ? ನಾನು ಸೊಸೆ. ನಾನು ಹೇಳಿದರೆ ಮನೆ ಒಡೆದಳು ಅಂತಾರೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮೂರೂ ಲಸಿಕೆ ಹಾಕಿಸಿ, ತಡ ಮಾಡಬೇಡಿ. ಆದರೆ ಭಾವನನ್ನು ಬದಿಗಿಟ್ಟು, ಅವರಿಗೆ ಗೊತ್ತಾಗದ ಹಾಗೆ ಹಾಕಿಸಬೇಡಿ. ಯಾಕೆ ಅನ್ನೋದನ್ನು ಮುಂದೆ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ.

ನಿಮ್ಮ ಮಾವನಿಗೆ ಈ ಮೂರನ್ನೇ ಯಾಕೆ ಬರೆದಿದ್ದಾರೆ ಅಂತ ನೋಡೋಣ. ಡಯಾಲಿಸಿಸ್‌ನಲ್ಲಿ ರಕ್ತ ಮೈಯಿಂದ ಹೊರಗೆ ಬಂದು, ಮೆಷಿನ್ ಹಾದು, ಮತ್ತೆ ಒಳಗೆ ಹೋಗುತ್ತೆ. ಒಂದೇ ದೊಡ್ಡ ಕೋಣೆಯಲ್ಲಿ, ಅಂದರೆ ಡಯಾಲಿಸಿಸ್ ಹಾಲ್‌ನಲ್ಲಿ, ಹತ್ತಾರು ಜನರಿಗೆ ದಿನವಿಡೀ ಇದು ನಡೆಯುತ್ತಿರುತ್ತೆ. ಲಿವರ್ ಕೆಡಿಸುವ ಹೆಪಟೈಟಿಸ್ ಬಿ ವೈರಸ್ ಹರಡೋದು ರಕ್ತದಿಂದ. ಒಣಗಿದ ರಕ್ತದ ಕಲೆಯಲ್ಲೂ ಅದು ವಾರದ ತನಕ ಜೀವ ಹಿಡಿದುಕೊಂಡಿರಬಲ್ಲದು. ಆಸ್ಪತ್ರೆಯವರು ಎಷ್ಟೇ ಜೋಪಾನ ಮಾಡಿದರೂ ಆ ಹಾಲಿಗೆ ಹೋಗುವವರ ಮೈಯಲ್ಲಿ ತಡೆಯುವ ಶಕ್ತಿ ಇದ್ದರೆ ಒಳ್ಳೆಯದು. ಫ್ಲೂ ಮತ್ತು ನ್ಯುಮೋನಿಯಾ ವಿಷಯ ನಿಮಗೆ ಗೊತ್ತೇ ಇದೆ. ನಮ್ಮನ್ನು ನಾಲ್ಕು ದಿನ ಮಲಗಿಸಿ ಬಿಟ್ಟುಹೋಗುವ ಜ್ವರ ಅವರನ್ನು ಐಸಿಯುಗೆ ಕರೆದುಕೊಂಡು ಹೋಗುತ್ತೆ.

ಇಲ್ಲಿ ಒಂದು ಸಂಗತಿ ಮನೆಯವರಿಗೆಲ್ಲ ಗೊತ್ತಿರಬೇಕು. ಕಿಡ್ನಿ ಕೆಟ್ಟವರ ಮೈ ಲಸಿಕೆಗೆ ಸ್ಪಂದಿಸೋದೇ ಕಡಿಮೆ. ಅದಕ್ಕೇ ಡಯಾಲಿಸಿಸ್‌ನವರಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಮಾಮೂಲಿಗಿಂತ ಎರಡರಷ್ಟು ಪ್ರಮಾಣದಲ್ಲಿ, ಸಾಮಾನ್ಯವಾಗಿ ನಾಲ್ಕು ಸಲ ಕೊಡುತ್ತಾರೆ. ಮೊದಲ ದಿನ, ಒಂದು ತಿಂಗಳಿಗೆ, ಎರಡು ತಿಂಗಳಿಗೆ, ಆರು ತಿಂಗಳಿಗೆ. ಭಾವ ಚೀಟಿ ನೋಡಿ 'ಅಪ್ಪನಿಗೆ ಡಬಲ್ ಡೋಸ್ ಯಾಕೆ' ಅಂತ ಕೇಳಿದರೆ ಇದೇ ಉತ್ತರ. ಇಷ್ಟಾದರೂ ಕೆಲವರ ಮೈಯಲ್ಲಿ ತಡೆಯುವ ಶಕ್ತಿ ಸರಿಯಾಗಿ ಬೆಳೆಯೋದಿಲ್ಲ. ಅಂದರೆ ಯಾರಿಗೆ ರಕ್ಷಣೆ ಜಾಸ್ತಿ ಬೇಕೋ ಅವರಿಗೇ ಲಸಿಕೆಯಿಂದ ರಕ್ಷಣೆ ಕಡಿಮೆ ಸಿಗುತ್ತೆ. ಉಳಿದದ್ದನ್ನು ಸುತ್ತ ಇರುವವರು ತುಂಬಿಕೊಡಬೇಕು. ನೀವು, ನಿಮ್ಮ ಯಜಮಾನರು, ಡಯಾಲಿಸಿಸ್‌ಗೆ ಜೊತೆ ಹೋಗುವವರು, ಭಾನುವಾರ ಬರುವ ಮಕ್ಕಳು. ಕೊರೊನಾದಲ್ಲೂ ಇದೇ ಆಯಿತು. ಕಿಡ್ನಿ ಕಸಿ ಮಾಡಿಸಿಕೊಂಡವರಲ್ಲಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದವರಲ್ಲಿ ಎರಡು ಡೋಸ್ ಆದ ಮೇಲೂ ಎಷ್ಟೋ ಜನರ ರಕ್ತದಲ್ಲಿ ಸಾಕಷ್ಟು ಪ್ರತಿಕಾಯ, ಅಂದರೆ ರೋಗದ ವಿರುದ್ಧ ಹೋರಾಡಲು ಮೈ ತಯಾರಿಸುವ ವಸ್ತು, ಕಾಣಲಿಲ್ಲ.

ಈಗ ಹಾಸನದ ಮಾತಿಗೆ ಬರೋಣ. ಭಾವನ ಭಯವನ್ನು ವಾಟ್ಸ್ಆ್ಯಪ್ ಸುಳ್ಳು ಅಂತ ತಳ್ಳಿಹಾಕಬೇಡಿ. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಒಬ್ಬರ ಹಿಂದೆ ಒಬ್ಬರು ಹೃದಯಾಘಾತದಿಂದ ಹೋದ ಸುದ್ದಿ ದಿನಾ ಬರುತ್ತಿತ್ತು. ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ತಪಾಸಣೆಗೆ ಜನ ಸಾಲು ನಿಂತಿದ್ದನ್ನು ನೀವೂ ನೋಡಿರಬಹುದು. ಆಗ ಮುಖ್ಯಮಂತ್ರಿಗಳೇ ಲಸಿಕೆಯ ಬಗ್ಗೆ ಅನುಮಾನದ ಮಾತಾಡಿದರು. ಹಾಗಿರುವಾಗ ಪಾಂಡವಪುರದ ಒಬ್ಬ ರೈತ ಅನುಮಾನಪಟ್ಟರೆ ಅದರಲ್ಲಿ ತಪ್ಪೇನಿದೆ?

ಆಮೇಲೆ ಏನಾಯಿತು ಅನ್ನೋದು ಅಷ್ಟಾಗಿ ಹಳ್ಳಿಗೆ ತಲುಪಲಿಲ್ಲ. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ರಾಜ್ಯ ಸರ್ಕಾರವೇ ನೇಮಿಸಿದ್ದ ತಜ್ಞರ ಸಮಿತಿ ಅದೇ ಜುಲೈನಲ್ಲಿ ವರದಿ ಕೊಟ್ಟಿತು. ಚಿಕ್ಕ ವಯಸ್ಸಿನ ಹೃದ್ರೋಗಕ್ಕೂ ಕೊರೊನಾ ಲಸಿಕೆಗೂ ಸಂಬಂಧ ಕಾಣಲಿಲ್ಲ ಅಂತ ಅದು ಹೇಳಿತು. ಅದಕ್ಕೂ ಮೊದಲು, 2023ರಲ್ಲಿ, ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ದೇಶದ 47 ಆಸ್ಪತ್ರೆಗಳ ಮೂಲಕ ಒಂದು ಅಧ್ಯಯನ ಮಾಡಿತ್ತು. 18ರಿಂದ 45 ವಯಸ್ಸಿನ, ಚೆನ್ನಾಗಿಯೇ ಇದ್ದು ಇದ್ದಕ್ಕಿದ್ದಂತೆ ಸತ್ತವರನ್ನೂ, ಅದೇ ವಯಸ್ಸಿನ, ಅದೇ ಪ್ರದೇಶದ, ಬದುಕಿರುವವರನ್ನೂ ಹೋಲಿಸಿ ನೋಡಿದರು. ಲಸಿಕೆಯಿಂದ ಅಪಾಯ ಹೆಚ್ಚಾಗಿರಲಿಲ್ಲ. ಎರಡು ಡೋಸ್ ಆದವರಲ್ಲಿ ಇಂಥ ಸಾವು ಕಡಿಮೆಯೇ ಇತ್ತು. ಅಪಾಯ ಹೆಚ್ಚಿಸಿದ್ದು ಬೇರೆ ಸಂಗತಿಗಳು: ಕೊರೊನಾ ಬಂದು ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಿಂದೆ ಇಂಥ ದಿಢೀರ್ ಸಾವು ಆಗಿದ್ದು, ಸಾಯುವ ಹಿಂದಿನ ಎರಡು ದಿನದಲ್ಲಿ ವಿಪರೀತ ಕುಡಿದಿದ್ದು, ಅಭ್ಯಾಸ ಮೀರಿ ಮೈ ದಣಿಸಿದ್ದು.

ಹಾಗಾದರೆ ಸತ್ತವರೆಲ್ಲ ಸೂಜಿ ಹಾಕಿಸಿಕೊಂಡವರೇ ಆಗಿದ್ದರಲ್ಲ ಅಂತ ಭಾವ ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ಊರಲ್ಲಿ 100 ಜನರಲ್ಲಿ 95 ಜನ ಲಸಿಕೆ ಹಾಕಿಸಿಕೊಂಡಿದ್ದಾರೆ ಅಂದುಕೊಳ್ಳಿ. ಆ ಊರಲ್ಲಿ ಹಾವು ಕಚ್ಚಿ ಸತ್ತವರನ್ನು ಲೆಕ್ಕ ಹಾಕಿದರೂ ಬಹುಪಾಲು ಲಸಿಕೆ ಹಾಕಿಸಿಕೊಂಡವರೇ ಇರುತ್ತಾರೆ. ಹಾಕಿಸಿಕೊಳ್ಳದವರು ಊರಲ್ಲಿ ಇದ್ದರೆ ತಾನೇ? ಅದಕ್ಕೇ ಸತ್ತವರನ್ನು ಮಾತ್ರ ನೋಡಿದರೆ ಏನೂ ಗೊತ್ತಾಗಲ್ಲ. ಬದುಕಿರುವವರನ್ನೂ ಜೊತೆಗಿಟ್ಟು ನೋಡಬೇಕು.

ಲಸಿಕೆಯಿಂದ ಏನೂ ತೊಂದರೆಯೇ ಆಗಿಲ್ಲ ಅಂತ ಮಾತ್ರ ವಾದ ಮಾಡಬೇಡಿ. ಅದು ನಿಜ ಅಲ್ಲ. ಕೋವಿಶೀಲ್ಡ್‌ನಿಂದ, ಅಂದರೆ ಆಸ್ಟ್ರಾಜೆನೆಕಾ ಲಸಿಕೆಯಿಂದ, ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಕುಸಿಯುವ ತೊಂದರೆ ಆಗಿದೆ. ಬ್ರಿಟನ್ನಿನ ಲೆಕ್ಕದಲ್ಲಿ ಮೊದಲ ಡೋಸ್ ಪಡೆದ ಲಕ್ಷಕ್ಕೆ ಒಬ್ಬಿಬ್ಬರಿಗೆ. ಇದು 2021ರಲ್ಲೇ ಗೊತ್ತಿತ್ತು. 2024ರಲ್ಲಿ ಕಂಪನಿ ಅಲ್ಲಿನ ಕೋರ್ಟಿನಲ್ಲಿ ಒಪ್ಪಿಕೊಂಡಿದೆ ಅನ್ನೋ ಸುದ್ದಿ ಬಂದಾಗ ಜನಕ್ಕೆ ಹೊಸದಾಗಿ ಕಂಡಿತು. ಆದರೆ ಆ ತೊಂದರೆ ಬರೋದಾದರೆ ಸೂಜಿ ಹಾಕಿದ ಮೊದಲ ಕೆಲವು ವಾರಗಳಲ್ಲಿ ಬರುತ್ತೆ. ನಾಲ್ಕು ವರ್ಷ ಸುಮ್ನಿದ್ದು ಆಮೇಲೆ ಎದೆಗೆ ಬರೋದಿಲ್ಲ. ಇನ್ನೊಂದು, ಹೊರದೇಶಗಳಲ್ಲಿ ಹಾಕಿದ ಫೈಜರ್, ಮೊಡೆರ್ನಾದಂಥ ಎಂಆರ್‌ಎನ್‌ಎ ಲಸಿಕೆಗಳಿಂದ ಹದಿಹರೆಯದ ಹುಡುಗರಲ್ಲಿ, ಯುವಕರಲ್ಲಿ ಅಪರೂಪಕ್ಕೆ ಹೃದಯದ ಸ್ನಾಯು ಊದಿಕೊಂಡಿದ್ದು ನಿಜ. ಫೋನಿಗೆ ಬರುವ ಎಷ್ಟೋ ವಿಡಿಯೊ ಆ ಲಸಿಕೆಗಳ ಬಗ್ಗೆ. ನಮ್ಮ ಹಳ್ಳಿಗಳಲ್ಲಿ ಹಾಕಿದ್ದು ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್. ಯಾರದೋ ಊರಿನ ಔಷಧಿಯ ಸುದ್ದಿ ನಮ್ಮ ಊರಿನ ಸಾವಿಗೆ ಅಂಟಿಕೊಂಡಿತು.

ಹೆಪಟೈಟಿಸ್ ಬಿ ಲಸಿಕೆಗೆ ಇದ್ಯಾವುದೂ ತಾಕೋದಿಲ್ಲ. ಅದು 1980ರ ದಶಕದಿಂದ ಜಗತ್ತಿನಲ್ಲಿ ಬಳಕೆಯಲ್ಲಿದೆ. ಭಾವನ ಮಕ್ಕಳು ಕೂಸಾಗಿದ್ದಾಗ ಹಾಕಿಸಿದ ಸರ್ಕಾರಿ ಸೂಜಿಗಳಲ್ಲಿ ಹೆಪಟೈಟಿಸ್ ಬಿ ಇದ್ದೇ ಇರುತ್ತೆ. ತಾಯಿ ಕಾರ್ಡ್ ಮನೆಯಲ್ಲಿದ್ದರೆ ತೆಗೆದು ನೋಡಲಿ. ತನ್ನ ಮಕ್ಕಳಿಗೆ ತಾನೇ ನಂಬಿ ಹಾಕಿಸಿದ ಲಸಿಕೆ ಈಗ ಅಪ್ಪನಿಗೆ ಬೇಕಾಗಿದೆ. ಇದಕ್ಕಿಂತ ಗಟ್ಟಿ ಮಾತು ನನಗೆ ಹೊಳೆಯುತ್ತಿಲ್ಲ.

ಆದರೂ ಬರೀ ಮಾಹಿತಿಯಿಂದ ಭಾವ ಒಪ್ಪುತ್ತಾರೆ ಅಂತ ನನಗೆ ಅನ್ನಿಸೋದಿಲ್ಲ. 2021ರಲ್ಲಿ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಲಸಿಕೆ ಕೆಲಸದ ಜೊತೆ ಓಡಾಡಿದ್ದೇನೆ. ಬೇಡ ಅಂದವರಲ್ಲಿ ಲಸಿಕೆಯನ್ನೇ ನಂಬದವರು ಕಡಿಮೆ. 'ಹಬ್ಬ ಕಳೀಲಿ', 'ಬೀಗರ ಊಟ ಮುಗೀಲಿ' ಅನ್ನುವವರು ಜಾಸ್ತಿ. ಸೂಜಿ ಹಾಕಿಸಿಕೊಂಡ ಮೇಲೆ ಬಾಡೂಟ ಮಾಡಂಗಿಲ್ಲ ಅಂತ ಯಾರೋ ಹಬ್ಬಿಸಿದ್ದರು. ಮಾರಿಹಬ್ಬದ ಹೊತ್ತಿಗೆ ಅದು ಬಲವಾಗಿ ನಿಂತಿತ್ತು. ಕಬ್ಬು ಕಡಿಯುವವರಿಗೆ ಎರಡು ದಿನ ಜ್ವರ ಅಂದರೆ ಎರಡು ದಿನದ ಕೂಲಿ ಹೋಯಿತು ಅಂತ ಅರ್ಥ. ಅದನ್ನು ನಾವು ಮೂಢನಂಬಿಕೆ ಅಂತ ಬರೆದುಕೊಂಡರೆ ತಪ್ಪು ನಮ್ಮದೇ.

ಮಳವಳ್ಳಿ ಕಡೆಯ ಒಂದು ಮನೆಯಲ್ಲಿ ಒಬ್ಬ ಅಜ್ಜಿ ಜಗಲಿಯ ಮೇಲೆ ಕೂತು ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡರು. ಆಮೇಲೆ, 'ನಂಗೇನ್ ಸಾಯಕ್ಕೆ ಭಯ್ವಾ ಮಗಾ? ಸೂಜಿ ಹಾಕುಸ್ಕಂಡು ನಾನೂ ಮಲಿಕ್ಕಂಡು ಸೊಸೇನೂ ಮಲಿಕ್ಕಂಡ್ರೆ ಹಸ ಯಾರ್ ಕರೀತಾರೆ?' ಅಂದರು. ನಮ್ಮ ಹತ್ತಿರ ಲಸಿಕೆಯ ಬಗ್ಗೆ ಹತ್ತು ಉತ್ತರ ಇದ್ದವು, ಇದಕ್ಕೆ ಒಂದೂ ಇರಲಿಲ್ಲ. ಜೊತೆಗಿದ್ದ ಆಶಾ ಕಾರ್ಯಕರ್ತೆಗೆ ಆ ಮನೆ ಗೊತ್ತಿತ್ತು. 'ಅಜ್ಜಿ, ನಿಂಗೆ ಇವತ್ತು, ನಿನ್ ಸೊಸೆಗೆ ಮುಂದಿನ್ ವಾರ' ಅಂದರು. ಅಜ್ಜಿ ಎದ್ದು ಸೆರಗು ಸರಿಮಾಡಿಕೊಂಡು ಹೊರಟೇಬಿಟ್ಟರು. ಲಸಿಕೆ ಒಳ್ಳೆಯದಾ ಕೆಟ್ಟದ್ದಾ ಅನ್ನೋ ಮಾತೇ ಅಲ್ಲಿ ಬರಲಿಲ್ಲ. ಆಮೇಲಿಂದ ಆ ಊರಲ್ಲಿ ಒಂದೇ ಮನೆಯವರನ್ನು ಒಂದೇ ದಿನ ಕರೆಯೋದನ್ನೇ ಬಿಟ್ಟೆವು.

ಭಾವ ಎರಡನೇ ಡೋಸ್ ಯಾಕೆ ಹಾಕಿಸಿಕೊಳ್ಳಲಿಲ್ಲ ಅಂತ ಯಾರಾದರೂ ಕೇಳಿದ್ದೀರಾ? ಹೆದರಿಕೆಯೇ ಕಾರಣ ಅಂತ ನೀವು ಅಂದುಕೊಂಡಿದ್ದೀರಿ. ಇರಬಹುದು. ಆದರೆ ಆ ದಿನಗಳನ್ನು ನೆನಪು ಮಾಡಿಕೊಳ್ಳಿ. 2021ರ ಜನವರಿ 16ಕ್ಕೆ ಲಸಿಕೆ ಶುರುವಾಯಿತು. ಮಾರ್ಚ್‌ನಲ್ಲಿ 60 ದಾಟಿದವರಿಗೆ ಕೊಡಲು ಆರಂಭಿಸಿದಾಗ ಬನ್ನಿ ಬನ್ನಿ ಅಂತ ಮನೆ ಮನೆಗೆ ಹೋಗಿ ಕರೆಯಬೇಕಿತ್ತು. ಮೇ ಹೊತ್ತಿಗೆ ಎರಡನೇ ಅಲೆ ಊರೂರಿಗೆ ನುಗ್ಗಿ, ಅದೇ ಜನ ಬೆಳಿಗ್ಗೆ ಐದಕ್ಕೆ ಬಂದು ಸಾಲು ನಿಂತರೂ ಲಸಿಕೆ ಇರಲಿಲ್ಲ. ನಗರದವರು ಫೋನಿನಲ್ಲಿ ಹಳ್ಳಿ ಆಸ್ಪತ್ರೆಯ ಸ್ಲಾಟ್ ಬುಕ್ ಮಾಡಿಕೊಂಡು ಕಾರಿನಲ್ಲಿ ಬಂದು ಹಾಕಿಸಿಕೊಂಡು ಹೋದರು. ಇದರ ಮಧ್ಯೆ ಕೋವಿಶೀಲ್ಡ್ ಎರಡು ಡೋಸ್ ನಡುವಿನ ಅಂತರ ಬದಲಾಗುತ್ತಲೇ ಹೋಯಿತು. ಮೊದಲು 4ರಿಂದ 6 ವಾರ, ಆಮೇಲೆ 6ರಿಂದ 8, ಮೇ ತಿಂಗಳಲ್ಲಿ 12ರಿಂದ 16. ಅಂತರ ಹೆಚ್ಚಾದರೆ ಆ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತೆ ಅನ್ನೋದಕ್ಕೆ ಆಧಾರ ಇತ್ತು. ಆದರೆ ಸ್ಟಾಕ್ ಇಲ್ಲದ ಹೊತ್ತಿನಲ್ಲೇ ಈ ಮಾತು ಬಂದದ್ದರಿಂದ 'ಇಲ್ದೇ ಇರೋದಕ್ಕೆ ಒಂದು ನೆಪ' ಅಂತ ಜನ ತಿಳಿದರು. ಅವತ್ತು ವಾಪಸ್ ಕಳಿಸಿದವರಲ್ಲಿ ಎಷ್ಟೋ ಜನ ಮತ್ತೆ ಬರಲೇ ಇಲ್ಲ. ಭಾವ ಅವರಲ್ಲಿ ಒಬ್ಬರಾಗಿದ್ದರೆ ಅವರ ಸಿಟ್ಟು ಸೂಜಿಯ ಮೇಲಲ್ಲ, ತನ್ನನ್ನು ಲೆಕ್ಕಕ್ಕೆ ಇಟ್ಟುಕೊಳ್ಳದ ವ್ಯವಸ್ಥೆಯ ಮೇಲೆ. ಈಗ ಅಪ್ಪನ ವಿಷಯದಲ್ಲೂ ತನ್ನನ್ನು ಕೇಳದೆ ಮೈಸೂರಿನವರೇ ತೀರ್ಮಾನ ಮಾಡಿದರು ಅಂತ ಅವರಿಗೆ ಅನ್ನಿಸಿದ್ದರೆ?

ಅವರಿಗೆ ತಿಳಿಯದ ಹಾಗೆ ಹಾಕಿಸಬೇಡಿ ಅಂದದ್ದು ಅದಕ್ಕೇ. ನಾಳೆ ಮಾವನಿಗೆ ಯಾವ ಕಾರಣಕ್ಕೆ ಹುಷಾರು ತಪ್ಪಿದರೂ, ಡಯಾಲಿಸಿಸ್‌ನವರಿಗೆ ತಪ್ಪೋದು ಸಹಜ, ಆಗ ಎಲ್ಲ ಆ ಸೂಜಿಯ ತಲೆಗೆ ಬರುತ್ತೆ, ನಿಮ್ಮ ತಲೆಗೂ ಬರುತ್ತೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಜಗಳ ಆದ ಮನೆಯಲ್ಲಿ ಜನ ಜ್ವರ ಮುಚ್ಚಿಡುತ್ತಾರೆ. 'ನಿಮ್ಮಿಂದಲೇ ಬಂದದ್ದು' ಅಂತ ಒಂದು ಸಲ ಅನ್ನಿಸಿಕೊಂಡವರು ಮುಂದಿನ ಸಲ ಮಾತ್ರೆ ನುಂಗಿ, ಮುಖ ತೊಳೆದುಕೊಂಡು ಬಂದು ಅಪ್ಪನ ಪಕ್ಕ ಕೂರುತ್ತಾರೆ. ನಿಮ್ಮ ಮಾವನಿಗೆ ಲಸಿಕೆ ಹಾಕಿಸಿಕೊಳ್ಳದ ಮಗನಿಗಿಂತ ಜ್ವರ ಮುಚ್ಚಿಟ್ಟ ಮಗ ಹೆಚ್ಚು ಅಪಾಯ.

ಇದನ್ನು ನಮ್ಮ ಸುತ್ತ ದೊಡ್ಡ ಮಟ್ಟದಲ್ಲೇ ಕಂಡಿದ್ದೇವೆ. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಕಂಡು, ಅವರು ಮತ್ತು ಅವರ ಸಂಪರ್ಕದವರು ಸೇರಿ 70ಕ್ಕೂ ಹೆಚ್ಚು ಜನರಿಗೆ ಹರಡಿತು. ಆಗ ನಂಜನಗೂಡಿನವರು ಅಂದರೆ ಸಾಕು, ಜನ ಹಿಂದೆ ಸರಿಯುತ್ತಿದ್ದರು. ಮುಂದೆ ಮೇ ತಿಂಗಳಲ್ಲಿ ಮುಂಬೈಯಿಂದ ಕೆ.ಆರ್. ಪೇಟೆ, ನಾಗಮಂಗಲ ಕಡೆಗೆ ವಾಪಸ್ ಬಂದವರನ್ನು ತಮ್ಮ ಊರಿನವರೇ ಅನುಮಾನದಿಂದ ನೋಡಿದರು. ರೋಗಿಯನ್ನು ಅಪರಾಧಿ ಮಾಡಿದರೆ ರೋಗ ಕಡಿಮೆ ಆಗೋದಿಲ್ಲ, ರೋಗದ ಸುದ್ದಿ ಕಡಿಮೆ ಆಗುತ್ತೆ.

ಹಾಗಾದರೆ ಭಾವನ ಹತ್ತಿರ ಮಾತಾಡುವವರು ಯಾರು? ನೀವಲ್ಲ. ಇದು ನಿಮ್ಮ ತಿಳುವಳಿಕೆಯ ಪ್ರಶ್ನೆ ಅಲ್ಲ, ನಿಮ್ಮ ಜಾಗದ ಪ್ರಶ್ನೆ. ನೀವೇ ಬರೆದ ಹಾಗೆ, ಸೊಸೆ ಹೇಳಿದರೆ ವಿಷಯ ಲಸಿಕೆಯಿಂದ ಮನೆತನಕ್ಕೆ ಜಾರುತ್ತೆ. ನಿಮ್ಮ ಯಜಮಾನರು ಅಣ್ಣನ ಹತ್ತಿರ ಹೋಗಲಿ. ಫೋನಿನಲ್ಲಿ ಬೇಡ, ಊರಿಗೇ ಹೋಗಲಿ. 'ಅಣ್ಣ, ಡಾಕ್ಟರು ಹೀಗೆ ಬರೆದಿದ್ದಾರೆ, ಮುಂದಿನ ಡಯಾಲಿಸಿಸ್ ದಿನ ನೀನೇ ಅಪ್ಪನ ಜೊತೆ ಬಾ, ಏನು ಕೇಳಬೇಕೋ ನೀನೇ ಕೇಳು' ಅನ್ನಲಿ. ಆ ಹಾಲಿನಲ್ಲಿ ನಾಲ್ಕು ಗಂಟೆ ಕೂತರೆ ನಾನು ಇಲ್ಲಿ ಬರೆದದ್ದರ ಅರ್ಧ ಅವರಿಗೇ ಕಾಣುತ್ತೆ. ಹಿರಿಮಗ ಅನ್ನೋ ಜಾಗವನ್ನು ಅವರಿಗೆ ವಾಪಸ್ ಕೊಟ್ಟ ಹಾಗೂ ಆಯಿತು. ಇನ್ನೊಬ್ಬರು ವಾರಗಿತ್ತಿ. ಮಕ್ಕಳ ಸೂಜಿಯ ಲೆಕ್ಕ ಇಟ್ಟುಕೊಂಡವರು ಅವರೇ ಅಲ್ವಾ? ನೀವು ಮಾತಾಡೋದಿದ್ದರೆ ಅವರ ಹತ್ತಿರ ಮಾತಾಡಿ.

ಯಾರು ಹೇಳುತ್ತಾರೆ ಅನ್ನೋದು ಏನು ಹೇಳುತ್ತಾರೆ ಅನ್ನೋದಕ್ಕಿಂತ ಮುಖ್ಯ ಆಗೋದು ಇವತ್ತಿನ ಮಾತಲ್ಲ. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಆಗ ಅದನ್ನು ಒಬ್ಬರ ತೋಳಿನಿಂದ ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕಿತ್ತು. ಯಾರ ಮೈಯದು ಯಾರ ಮೈಗೆ ಅಂತ ಜನ ಹಿಂಜರಿದರೆ ಆಶ್ಚರ್ಯ ಇಲ್ಲ. ಅದಾಗಿ ಕೆಲವೇ ವರ್ಷಕ್ಕೆ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಅದರಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರಿಸುವ ಹಾಗೆ ನಿಂತಿದ್ದಾರೆ. ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಲಸಿಕೆ ಹಾಕಿಸಿಕೊಂಡ ಜಾಗವನ್ನು ಜನಕ್ಕೆ ತೋರಿಸಲಿಕ್ಕೇ ಆ ಚಿತ್ರ ಬರೆಸಿದ್ದು ಅಂತ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ನಮ್ಮ ಅರಮನೆಯ ಹೆಂಗಸರೇ ತೋಳು ತೋರಿಸಿದ್ದಾರೆ ಅಂದರೆ ನೋಡುವವರ ಧೈರ್ಯವೇ ಬೇರೆ. ನಿಮ್ಮ ಭಾವ ಯಾರ ತೋಳು ನೋಡಿ ಧೈರ್ಯ ತಗೊಳ್ಳುತ್ತಾರೆ ಅಂತ ಯೋಚಿಸಿ. ಊರಿನ ಹಾಲಿನ ಡೇರಿಯ ಸೆಕ್ರೆಟರಿ ಇರಬಹುದು, ಶಾಲೆಯ ಮೇಷ್ಟ್ರು ಇರಬಹುದು, ಡಯಾಲಿಸಿಸ್‌ನಲ್ಲೇ ಪಕ್ಕದ ಹಾಸಿಗೆಯ ಮದ್ದೂರಿನವರೂ ಇರಬಹುದು.

ಇನ್ನು ಭಾನುವಾರದ ಮಕ್ಕಳು. ಬರಬೇಡಿ ಅನ್ನಬೇಡಿ. ಮೊಮ್ಮಕ್ಕಳ ದಾರಿ ಕಾಯೋದು ಮಾವನ ವಾರದಲ್ಲಿ ಉಳಿದಿರುವ ದೊಡ್ಡ ಖುಷಿ ಇರಬಹುದು. ನೆಗಡಿ, ಕೆಮ್ಮು, ಜ್ವರ ಇದ್ದವರು ಆ ವಾರ ಬರೋದಿಲ್ಲ, ಅವತ್ತು ವಿಡಿಯೊ ಕಾಲ್. ಈ ಒಂದು ನಿಯಮ ಸಾಕು, ಅದು ಮನೆಯ ಎಲ್ಲರಿಗೂ ಒಂದೇ ಇರಲಿ. ನಿಮ್ಮ ಯಜಮಾನರಿಗೆ ನೆಗಡಿಯಾದರೂ ಅವತ್ತು ಮಾವನ ಕೋಣೆಗೆ ಹೋಗಬಾರದು. ಆಗ ಇದು ಊರಿನವರ ಮೇಲೆ ಹಾಕಿದ ನಿಯಮ ಆಗೋದಿಲ್ಲ. ಡಾಕ್ಟರ ಹತ್ತಿರ ಚೀಟಿಯಲ್ಲೇ ಬರೆಸಿಕೊಂಡು ಮಾವನ ಕೋಣೆಯ ಬಾಗಿಲಿಗೆ ಅಂಟಿಸಿ. ಹೇಳಿದವರು ಡಾಕ್ಟರು ಆಗುತ್ತಾರೆ, ನೀವಲ್ಲ. ಮಕ್ಕಳಿಗೂ, ಭಾವನಿಗೂ, ನಿಮಗೂ ವರ್ಷಕ್ಕೊಂದು ಫ್ಲೂ ಲಸಿಕೆ ಆದರೆ ಇನ್ನೂ ಒಳ್ಳೆಯದು. ನಮ್ಮ ಕಡೆ ಫ್ಲೂ ಏರೋದು ಹೆಚ್ಚಾಗಿ ಮಳೆಗಾಲದಲ್ಲಿ. ಆದ್ದರಿಂದ ಮುಂಗಾರಿಗೆ ಮೊದಲು, ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ದೊಡ್ಡವರ ಫ್ಲೂ ಲಸಿಕೆ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಇಲ್ಲ, ದುಡ್ಡು ಕೊಟ್ಟು ಹಾಕಿಸಬೇಕು. ಎಲ್ಲರಿಗೂ ಆಗೋದಿಲ್ಲ ಅಂದರೆ ಮಾವನಿಗೆ ಮತ್ತು ಅವರ ಜೊತೆ ಹೆಚ್ಚು ಹೊತ್ತು ಇರುವವರಿಗೆ ಮೊದಲು.

ಮಹಾಮಾರಿ ಮತ್ತೆ ಬಂದರೆ ಅನ್ನೋ ಪ್ರಶ್ನೆಗೆ ಬರುತ್ತೇನೆ. ಉಳಿದ ವಯಸ್ಸಾದವರನ್ನು ಮನೆಯಲ್ಲಿ ಕೂರಿಸಬಹುದು, ನಿಮ್ಮ ಮಾವನನ್ನು ಆಗಲ್ಲ. ಊರೇ ಬಂದ್ ಆದರೂ ಅವರು ವಾರಕ್ಕೆ ಎರಡು ಸಲ ಹೊರಗೆ ಹೋಗಲೇಬೇಕು. ಡಯಾಲಿಸಿಸ್ ತಪ್ಪಿಸೋದು ಸೋಂಕಿಗಿಂತ ಬೇಗ ಜೀವ ತೆಗೆಯುತ್ತೆ. 2020ರಲ್ಲಿ ಹೆದರಿ ಡಯಾಲಿಸಿಸ್ ತಪ್ಪಿಸಿ ಕಷ್ಟಕ್ಕೆ ಸಿಕ್ಕವರು ಇದ್ದಾರೆ. ಹಾಗಾಗಿ ಮನೆಯನ್ನು ಕೋಟೆ ಮಾಡೋದಕ್ಕಿಂತ ಆ ದಾರಿ ಮತ್ತು ಆ ಹಾಲನ್ನು ನೋಡಿಕೊಳ್ಳಿ. ಜೊತೆ ಹೋಗುವವರು ಯಾವಾಗಲೂ ಒಬ್ಬರೇ ಇರಲಿ, ಅವರ ಲಸಿಕೆ ಎಲ್ಲ ಆಗಿರಲಿ. ಆಟೊ ಆದರೆ ಗೊತ್ತಿರುವ ಒಂದೇ ಆಟೊ, ಎರಡೂ ಕಡೆ ತೆರೆದಿರುತ್ತೆ, ಗಾಳಿಯಾಡುತ್ತೆ. ಕಾರಾದರೆ ಎಸಿ ಬೇಡ, ಕಿಟಕಿ ಇಳಿಸಿ. ಹಾಲಿನಲ್ಲಿ ಬಟ್ಟೆಯ ಮಾಸ್ಕ್ ಸಾಲದು, ಮುಖಕ್ಕೆ ಸರಿಯಾಗಿ ಕೂರುವ ಎನ್-95 ಬೇಕು. ತಿಂಡಿ ಅಲ್ಲಿ ಬೇಡ. ತಿನ್ನುವಾಗಲೇ ಎಲ್ಲರ ಮಾಸ್ಕೂ ಕೆಳಗಿಳಿಯೋದು.

ಕೊರೊನಾದಲ್ಲಿ ಕೆಮ್ಮು ಜ್ವರ ಕಾಣಿಸುವ ಒಂದೆರಡು ದಿನ ಮೊದಲೇ ಸೋಂಕು ಇನ್ನೊಬ್ಬರಿಗೆ ದಾಟುತ್ತಿತ್ತು. ಅಂಥ ರೋಗ ಊರಲ್ಲಿ ಜೋರಾಗಿರುವಾಗ 'ನಮಗೇನೂ ಇಲ್ವಲ್ಲ' ಅನ್ನೋ ಮಾತಿಗೆ ಬೆಲೆ ಇಲ್ಲ. ಬಂದವರನ್ನು ಮಾವನ ಜೊತೆ ಟೆರೇಸಿನಲ್ಲೋ ಗೇಟಿನ ಒಳಗೆ ಮರದ ಕೆಳಗೋ ಕೂರಿಸಿ. ನೆಲ ಒರೆಸಿ ಒರೆಸಿ ಸುಸ್ತಾಗೋದಕ್ಕಿಂತ ಎರಡು ಕಿಟಕಿ ಎದುರುಬದುರು ತೆರೆದಿಡೋದು ಹೆಚ್ಚು ಉಪಯೋಗ. ಬೆರಳಿಗೆ ಹಾಕುವ ಆಕ್ಸಿಮೀಟರ್ ಒಂದು ಇರಲಿ. 94ಕ್ಕಿಂತ ಕೆಳಗೆ ಬಂದರೆ, ಮಾವ 'ಏನೂ ಆಗಿಲ್ಲ, ಚೆನ್ನಾಗಿದ್ದೀನಿ' ಅಂದರೂ ಆಸ್ಪತ್ರೆಗೆ ಹೊರಡಿ. ಎರಡನೇ ಅಲೆಯಲ್ಲಿ ಹಾಗೆ ಹೇಳುತ್ತಲೇ ಎಷ್ಟು ಜನ ತಡ ಮಾಡಿದರು ಅಂತ ನೆನೆದರೆ ಈಗಲೂ ಸಂಕಟ ಆಗುತ್ತೆ.

ಒಂದು ವಿಷಯ ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ಕಾಯಿಲೆಯವರನ್ನು ನೋಡಲು ಬರುವಾಗ ನಮ್ಮ ಮಂಡ್ಯ ಕಡೆಯವರು ಕೈಯಲ್ಲಿ ಏನು ತರುತ್ತಾರೆ? ಎಳನೀರು. ಮದ್ದೂರಿನಲ್ಲಿ ಎಳನೀರಿಗೆ ದೊಡ್ಡ ಮಾರುಕಟ್ಟೆಯೇ ಇದೆ, ಗಾಡಿ ನಿಲ್ಲಿಸಿ ನಾಲ್ಕು ಹಾಕಿಸಿಕೊಂಡು ಬರೋದು ಪ್ರೀತಿಯ ಲಕ್ಷಣ. ಡಯಾಲಿಸಿಸ್‌ನವರಿಗೆ ಅದು ವಿಷದ ಹಾಗೆ. ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ. ಕಿಡ್ನಿ ಅದನ್ನು ಹೊರಹಾಕೋದಿಲ್ಲ, ರಕ್ತದಲ್ಲಿ ಏರಿದರೆ ಹೃದಯ ನಿಂತೇಹೋಗಬಹುದು. ಕೊರೊನಾ ಕಾಲದಲ್ಲಿ ಶುರುವಾದ ಲೋಟಗಟ್ಟಲೆ ಕಷಾಯವೂ ಅಷ್ಟೇ. ಅವರಿಗೆ ದಿನಕ್ಕೆ ಇಷ್ಟೇ ನೀರು ಅಂತ ಅಳತೆ ಇರುತ್ತೆ, ಅದು ಮೀರಿದರೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತೆ. ಅಮೃತಬಳ್ಳಿ ತಿಂಗಳುಗಟ್ಟಲೆ ಕುಡಿದು ಲಿವರ್ ಕೆಟ್ಟ ರೋಗಿಗಳ ಬಗ್ಗೆ ಮುಂಬೈ ವೈದ್ಯರು ಆಗಲೇ ಬರೆದಿದ್ದರು. ಹಾರ್ಟ್ ಅಟ್ಯಾಕ್ ಅಂತ ಲಸಿಕೆಗೆ ಹೆದರುವ ಭಾವನಿಗೆ ಇದನ್ನು ಅಗತ್ಯ ಹೇಳಿ. ಅಪ್ಪನ ಹೃದಯವನ್ನು ಕಾಪಾಡಲು ಅವರು ಇವತ್ತೇ ಮಾಡಬಹುದಾದ ಕೆಲಸ ಇದು. ಎಳನೀರು ಬೇಡ. ಬಾಳೆಹಣ್ಣೂ ಬೇಡ, ಅದರಲ್ಲೂ ಪೊಟ್ಯಾಶಿಯಂ ಹೆಚ್ಚು. ಬದಲಿಗೆ ಸೇಬು ತರಬಹುದಾ, ಎಷ್ಟು ಅಂತ ಡಯಟೀಶಿಯನ್ನರನ್ನು ಅವರೇ ಕೇಳಲಿ.

ಜ್ವರ ಬಂದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆ ಕೊಡಬೇಡಿ, ಡಯಾಲಿಸಿಸ್ ಯೂನಿಟ್‌ಗೆ ಫೋನ್ ಮಾಡಿ. ಫ್ಲೂಗೆ ಮಾತ್ರೆ ಇದೆ, ಮೊದಲ 48 ಗಂಟೆಯಲ್ಲಿ ಶುರು ಮಾಡಿದರೆ ಗುಣ ಜಾಸ್ತಿ. ಆದರೆ ಇವರಿಗೆ ಪ್ರಮಾಣ ಬೇರೆ. ಮನೆಯಲ್ಲಿ ಇನ್ನೊಬ್ಬರಿಗೆ ಬರೆದಿದ್ದನ್ನು ಕೊಡಬಾರದು.

ನಿಮ್ಮ ಪತ್ರವನ್ನು ಮತ್ತೆ ಓದಿದೆ. ಡಾಕ್ಟರು ಏನಂದರು ಅಂತ ಇದೆ, ಭಾವ ಏನಂದರು ಅಂತ ಇದೆ, ನಿಮ್ಮ ಸಂಕಟ ಇದೆ. ಮಾವ ಏನಂದರು ಅಂತ ಎಲ್ಲೂ ಇಲ್ಲ. ಅವರಿಗೆ 71 ವರ್ಷ, ಬುದ್ಧಿ ಸರಿಯಾಗಿದೆ, ತನ್ನ ಕೈಗೆ ವಾರಕ್ಕೆ ಎರಡು ಸಲ ದಪ್ಪ ಸೂಜಿ ಚುಚ್ಚಿಸಿಕೊಂಡು ಬದುಕುತ್ತಿರುವವರು. ತನ್ನ ಮೈಗೆ ಇನ್ನೊಂದು ಸೂಜಿ ಬೇಕಾ ಬೇಡವಾ ಅಂತ ತೀರ್ಮಾನಿಸಲು ಅವರಿಗಿಂತ ಹಕ್ಕುಳ್ಳವರು ಯಾರಿದ್ದಾರೆ? ನಮ್ಮಲ್ಲಿ ವಯಸ್ಸಾದವರ ಬಗ್ಗೆ ಮಕ್ಕಳು ಜಗಳ ಆಡುವಾಗ ಅವರು ಪಕ್ಕದ ಕೋಣೆಯಲ್ಲಿ ಕೇಳಿಸಿಕೊಂಡು ಸುಮ್ನೆ ಮಲಗಿರುತ್ತಾರೆ. ಇದನ್ನು ತುಂಬ ಮನೆಗಳಲ್ಲಿ ಕಂಡಿದ್ದೇನೆ, ಒಪ್ಪಿಕೊಳ್ಳಲು ಆಗೋದಿಲ್ಲ. ಮಾವನ ಹತ್ತಿರ ಕೂತು, ಡಾಕ್ಟರು ಬರೆದದ್ದನ್ನು ನಿಧಾನವಾಗಿ ಹೇಳಿ, ಹಾಸನದ ವಿಷಯವನ್ನೂ ಮುಚ್ಚಿಡದೆ ಹೇಳಿ. ಆಮೇಲೆ ಅವರು ಏನಂತಾರೋ ಕೇಳಿ. ಅವರು ಹಾಕಿಸಿಕೊಳ್ತೀನಿ ಅಂದರೆ ದೊಡ್ಡ ಮಗನಿಗೆ ಅವರೇ ಫೋನ್ ಮಾಡಿ ಹೇಳಲಿ. ಅಪ್ಪನ ಬಾಯಿಂದ ಬಂದ ಮಾತಿಗೆ ಭಾವ ಎದುರಾಡುತ್ತಾರಾ? ಅವರು ಬೇಡ ಅಂದರೆ ಯಾಕೆ ಅಂತ ಕೇಳಿ, ಅದಕ್ಕೂ ಹಸು ಕರೆಯುವಂಥ ಒಂದು ಕಾರಣ ಇದ್ದೀತು.

ಹಾಕಿಸುವ ದಿನ ಇಷ್ಟು ನೆನಪಿರಲಿ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರುವ ಕೈಗೆ ಲಸಿಕೆಯೂ ಬೇಡ, ಬಿಪಿ ಪಟ್ಟಿಯೂ ಬೇಡ, ಇನ್ನೊಂದು ತೋಳಿಗೆ ಹಾಕಿ ಅಂತ ನರ್ಸ್‌ಗೆ ಮೊದಲೇ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನೂ ಹೇಳಿ. ತೋಳು ನೋವು, ಸ್ವಲ್ಪ ಮೈಕೈ ನೋವು, ಒಂದೆರಡು ದಿನ ಬೆಚ್ಚಗಾಗೋದು ಮಾಮೂಲು. ಇದನ್ನು ಭಾವನಿಗೂ ಮೊದಲೇ ಹೇಳಿಟ್ಟಿರಿ. ಅರ್ಧ ಗಂಟೆ ಅಲ್ಲೇ ಕೂರಿ. ನ್ಯುಮೋನಿಯಾದ್ದು ಯಾವ ಲಸಿಕೆ, ಒಂದೇ ಸಲವೋ ಎರಡು ಸಲವೋ ಅಂತ ಕಿಡ್ನಿ ಡಾಕ್ಟರ (ನೆಫ್ರಾಲಜಿಸ್ಟ್) ಹತ್ತಿರ ಬರೆಸಿಕೊಳ್ಳಿ. ಹೆಪಟೈಟಿಸ್ ಬಿ ಕೊನೆಯ ಡೋಸ್ ಆದ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. 10ಕ್ಕಿಂತ ಕಡಿಮೆ ಬಂದರೆ ಮತ್ತೆ ಕೊಡಬೇಕಾಗುತ್ತೆ. ಆ ರಿಪೋರ್ಟಿನ ಒಂದು ಪ್ರತಿ ಭಾವನಿಗೂ ಕಳಿಸಿ.